ಒಂದೇ ಕಾರು, ಒಂದು ಸೈಕಲ್: ಕಾಡುಹೊಳೆ ಇಳಿಯುವ ನನ್ನ ಕ್ರಮ

ಹೊಳೆ ಕೆಳಗೆ ಕರೆದೊಯ್ಯುತ್ತದೆ, ಕಾರು ಮೇಲೆಯೇ ನಿಂತಿರುತ್ತದೆ. ಕಯಾಕ್ ಎಂಬ ಸಣ್ಣ ಹುಟ್ಟುದೋಣಿ ಹಿಡಿದು ಕಾಡಿಗೆ ಹೋಗುವ ಎಲ್ಲರ ತಲೆನೋವು ಇದು. ಎರಡು ಕಾರಿಲ್ಲದೆ ಆಗದ ಕೆಲಸ ಎಂದೇ ನಮ್ಮ ಜೊತೆಯವರೆಲ್ಲ ಹೇಳುತ್ತಿದ್ದರು. ಒಂದು ಕಾರು, ಹಳೆಯ ಗೇರ್ ಸೈಕಲ್ಲು, ಗಾಳಿ ತುಂಬುವ ಇಬ್ಬರ ಕಯಾಕ್, ಇಷ್ಟರಲ್ಲೇ ಶನಿವಾರ, ಭಾನುವಾರ ಎರಡೂ ದಿನ ಸಲೀಸಾಗಿ ಮುಗಿಯುತ್ತದೆ ಎಂದರೆ ನಂಬುವವರಿರಲಿಲ್ಲ. ಈಗ ಅವರೇ ಸೈಕಲ್ಲು ಡಿಕ್ಕಿಯಲ್ಲಿ ಹೇಗೆ ಹಿಡಿಸುತ್ತದೆ ಎಂದು ಕೇಳುತ್ತಿದ್ದಾರೆ. (ಮುಂದಿನ ಚಕ್ರ ಬಿಚ್ಚಿ, ಹಿಂದಿನ ಸೀಟು ಮಡಚಿ, ಚೈನು ಮೇಲ್ಮುಖವಾಗಿ ಮಲಗಿಸಿದರೆ ಹಿಡಿಸುತ್ತದೆ.)

ಗುಟ್ಟೆಲ್ಲ ಇರುವುದು ಅನುಕ್ರಮದಲ್ಲಿ. ಸಾಮಾನ್ಯವಾಗಿ ಸೈಕಲ್ಲನ್ನು ಕೆಳಗಿನ ಸೇತುವೆಯಲ್ಲಿ ಬಿಟ್ಟು, ಕಾರನ್ನು ಮೇಲಿನ ಸೇತುವೆಗೆ ಒಯ್ದು, ಹೊಳೆ ಇಳಿದ ಮೇಲೆ ಸೈಕಲ್ ತುಳಿದು ಕಾರಿಗೆ ಮರಳುತ್ತಾರೆ. ಈ ಕ್ರಮ ಕೆಡುವುದು ಸಂಜೆಗೆ. ಹೊಳೆ ಎಣಿಸಿದ್ದಕ್ಕಿಂತ ಎರಡು ಗಂಟೆ ಹೆಚ್ಚು ತಿಂದರೆ ಒದ್ದೆ ಬಟ್ಟೆಯಲ್ಲಿ, ಕತ್ತಲಲ್ಲಿ, ಸೋತ ತೋಳಿನಲ್ಲಿ ಏರುದಾರಿ ತುಳಿಯಬೇಕು. ನಾನು ಅದನ್ನು ತಿರುವುಮುರುವು ಮಾಡಿದ್ದೇನೆ. ಮೊದಲು ಮೇಲಿನ ಸೇತುವೆಯಲ್ಲಿ ಕಯಾಕನ್ನೂ ಜೊತೆಗಾರರನ್ನೂ ಇಳಿಸುವುದು. ಕಾರನ್ನು ಕೆಳಗಿನ ಸೇತುವೆಯಲ್ಲಿ ನಿಲ್ಲಿಸಿ, ಬೆಳಗಿನ ತಂಪಿನಲ್ಲೇ ಸೈಕಲ್ ತುಳಿದು ಮೇಲೆ ಬರುವುದು. ದಿನದ ಕೊನೆಗೆ ದಡ ಹತ್ತಿದರೆ ಎದುರಿಗೇ ಕಾರು, ಒಣ ಬಟ್ಟೆ, ಕುಡಿಯುವ ನೀರು. ಸೈಕಲ್ಲು ಮೇಲಿನ ಸೇತುವೆಯಲ್ಲೇ ಉಳಿಯುತ್ತದೆ, ಮನೆಗೆ ಮರಳುವಾಗ ಎತ್ತಿಕೊಂಡರಾಯಿತು. ಆದ್ದರಿಂದ ಹೊಳೆ ಆರಿಸುವಾಗಲೇ ಮೇಲಿನ ಸೇತುವೆ ಮನೆದಾರಿಯಲ್ಲಿ ಬರುವಂತೆ ನೋಡಬೇಕು. ಹಾಗೆ ಬಂದರೆ ಹೆಚ್ಚುವರಿ ಪೆಟ್ರೋಲು ಬಹುತೇಕ ಸೊನ್ನೆ. ಎರಡು ಕಾರಿನವರು ಮನೆಯಿಂದ ಮನೆಗೆ ಎರಡು ಪಟ್ಟು ಸುಡುತ್ತಾರೆ, ಅದರ ಮೇಲೆ ಸೇತುವೆಗಳ ನಡುವಿನ ಓಡಾಟ ಬೇರೆ.

ಸೈಕಲ್ಲಿನ ನಿಜವಾದ ಲಾಭ ಇನ್ನೊಂದಿದೆ. ದಾರಿಯಲ್ಲಿ ಸಿಗುವ ಪ್ರತಿ ಮೋರಿ, ಪ್ರತಿ ಕಾಲುಸೇತುವೆಯ ಮೇಲೆ ನಿಂತು ಹೊಳೆಯನ್ನು ನೋಡಬಹುದು. ನೀರು ಕೆಂಪಗಾಗಿದೆಯೇ, ನೊರೆಯೂ ಕಸಕಡ್ಡಿಯೂ ತೇಲಿ ಬರುತ್ತಿವೆಯೇ? ಹಾಗಿದ್ದರೆ ಮೇಲೆಲ್ಲೋ ಮಳೆಯಾಗಿ ನೀರು ಏರುತ್ತಿದೆ ಎಂದರ್ಥ, ಅಂದು ಇಳಿಯಬಾರದು. ಅಡ್ಡ ಬಿದ್ದ ಮರ ಯಾವ ತಿರುವಿನಲ್ಲಿದೆ, ಮಧ್ಯದಲ್ಲೇ ಎದ್ದು ಹೋಗಬೇಕಾದರೆ ರಸ್ತೆ ಎಲ್ಲಿ ಹತ್ತಿರ ಎಂಬುದು ಆಗಲೇ ತಿಳಿದಿರುತ್ತದೆ. ಕಾರಿನ ಕಿಟಕಿಯಿಂದ ಇದು ಕಾಣದು. ಸೆಳವನ್ನೂ ಅಲ್ಲೇ ಅಳೆಯಬಹುದು: ದಡದಲ್ಲಿ ಅಂದಾಜು 20 ಮೀಟರ್ ಗುರುತಿಸಿ ಒಣಕಡ್ಡಿ ಎಸೆಯಿರಿ. 40 ಸೆಕೆಂಡಾದರೆ ಸೆಳವು ಸೆಕೆಂಡಿಗೆ ಅರ್ಧ ಮೀಟರ್, ಎದುರು ಹುಟ್ಟುಹಾಕಿ ಹಿಂದಿರುಗಬಹುದು. 20 ಸೆಕೆಂಡಾದರೆ ಒಂದು ಮೀಟರ್, ಅಂದರೆ ಗಂಟೆಗೆ 3.6 ಕಿ.ಮೀ. ಇಬ್ಬರೂ ಬಲವಾಗಿ ಹಾಕಿದರೂ ಕಯಾಕ್ ಬಹುತೇಕ ನಿಂತಲ್ಲೇ ನಿಲ್ಲುತ್ತದೆ.

ದೂರದ ಲೆಕ್ಕದಲ್ಲಿ ಹೊಸಬರು ಎಡವುತ್ತಾರೆ. ರಸ್ತೆಯಲ್ಲಿ 10 ಕಿ.ಮೀ. ಇದ್ದರೆ ಕಾಡುಹೊಳೆ ಸುತ್ತಿ ಬಳಸಿ 14-15 ಆಗಿರುತ್ತದೆ. ಮಂದವಾಗಿ ಹರಿಯುವ ತೆರೆದ ನೀರಿನಲ್ಲಿ ಗಂಟೆಗೆ 4-5 ಕಿ.ಮೀ. ಸಿಗಬಹುದು. ಬಿದ್ದ ಮರಗಳಿರುವ ಹೊಳೆಯಲ್ಲಿ 2.5 ಎಂದೇ ಹಿಡಿಯಬೇಕು, ಏಕೆಂದರೆ ಒಂದೊಂದು ಮರಕ್ಕೂ ದಡ ಹತ್ತಿ, ಹೊತ್ತು, ಮತ್ತೆ ಇಳಿಯಲು ಕಾಲು ಗಂಟೆ ಬೇಕು. ಹಾಗಾಗಿ ನಾನು ಸೇತುವೆಗಳ ನಡುವೆ ರಸ್ತೆಯಲ್ಲಿ 8ರಿಂದ 11 ಕಿ.ಮೀ.ಗಿಂತ ಹೆಚ್ಚು ಇಡುವುದಿಲ್ಲ. ಸೈಕಲ್ಲಿಗೆ ಅದು ಮುಕ್ಕಾಲು ಗಂಟೆ, ಹೊಳೆಗೆ ಇಡೀ ದಿನ.

ಬಿದ್ದ ಮರದ ವಿಷಯದಲ್ಲಿ ರಾಜಿಯಿಲ್ಲ. ಕೊಂಬೆಗಳ ಸಂದಿಯಲ್ಲಿ ನೀರು ನುಗ್ಗಿ ಹೋಗುತ್ತದೆ, ಮೈ ಸಿಕ್ಕಿಕೊಳ್ಳುತ್ತದೆ. ತಿರುವಿನ ಹೊರಮೈಯಲ್ಲಿ ಸೆಳವು ಹೆಚ್ಚು, ದಡ ಕೊರೆದು ಮರ ಬೀಳುವುದೂ ಅಲ್ಲೇ. ಆದ್ದರಿಂದ ಪ್ರತಿ ತಿರುವನ್ನೂ ಒಳಮೈ ಹಿಡಿದೇ ತಿರುಗಬೇಕು, ಮರ ಕಂಡ ಕೂಡಲೇ, ಇನ್ನೂ ದೂರವಿರುವಾಗಲೇ ದಡ ಸೇರಬೇಕು. ಅನಿವಾರ್ಯವಾಗಿ ತಗುಲುವಂತಾದರೆ ಮರದ ಕಡೆಗೇ ವಾಲಬೇಕು. ಹೆದರಿ ಮೇಲ್ಮುಖಕ್ಕೆ ವಾಲಿದರೆ ಸೆಳವು ಅಂಚಿನ ಮೇಲೆ ಹತ್ತಿ ಕಯಾಕ್ ಮಗುಚುತ್ತದೆ. ಸಣ್ಣ ಒಡ್ಡುಗಳು ಇನ್ನೂ ಕೆಟ್ಟವು. ಮೇಲಿನಿಂದ ನಯವಾದ ಗೆರೆಯಂತೆ ಕಾಣುತ್ತವೆ, ಕೆಳಗೆ ನೀರು ಹಿಂದಕ್ಕೆ ಮಗುಚಿ ಸುತ್ತುತ್ತಿರುತ್ತದೆ. ಆಳು ಹೊರಬರಲಾರ. ಎಷ್ಟೇ ಗಿಡ್ಡವಿರಲಿ, ಹೊತ್ತು ದಾಟುವುದೇ.

ಈಗ ಗಾಳಿ. ಕಾರು ಕೆಳಗಿರುವುದರಿಂದ 12 ವೋಲ್ಟಿನ ಪಂಪು ಮೇಲಿನ ಸೇತುವೆಯಲ್ಲಿ ಪ್ರಯೋಜನಕ್ಕಿಲ್ಲ. ಇಳಿಸುವಾಗಲೇ ತುಂಬಿಬಿಡೋಣ ಎಂದು ಹಲವರಿಗೆ ಹೊಳೆಯುತ್ತದೆ. ಅದು ಕೆಡುತ್ತದೆ. ಬೆಳಗಿನ 25 ಡಿಗ್ರಿಯಲ್ಲಿ ಕಯಾಕಿನ ಪಕ್ಕದ ಕೊಳವೆಗೆ 3 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿ ಬಿಸಿಲಲ್ಲಿ ಬಿಟ್ಟರೆ, ಒಳಗಿನ ಗಾಳಿ 50 ಡಿಗ್ರಿಗೇರಿದಾಗ ಒತ್ತಡದ ಮೀಟರ್ 4.5ರ ಹತ್ತಿರ ಹೋಗುತ್ತದೆ. ಹೊಲಿಗೆ, ಅಂಟು ಬಿಡುವುದು ಹೀಗೆಯೇ. ಎರಡೂ ದಿಕ್ಕಿಗೆ ಗಾಳಿ ತಳ್ಳುವ ಕೈಪಂಪು ಚೀಲದಲ್ಲೇ ಇರಲಿ. ನಾನು ಸೈಕಲ್ ತುಳಿದು ಬರುವಷ್ಟರಲ್ಲಿ ಜೊತೆಗಾರರು ನೆರಳಿನಲ್ಲಿ ಮುಕ್ಕಾಲು ತುಂಬಿರುತ್ತಾರೆ. ನೀರಿಗಿಳಿಸಿ ಐದಾರು ನಿಮಿಷ ತಣಿಯಲು ಬಿಟ್ಟು ಉಳಿದದ್ದನ್ನು ತುಂಬುವುದು. ನನ್ನದಕ್ಕೆ ಪಕ್ಕಕ್ಕೆ ಸುಮಾರು 3, ಗಟ್ಟಿ ತಳಕ್ಕೆ 8 ಪಿಎಸ್‌ಐ; ನಿಮ್ಮದರ ಮೇಲೆ ಅಚ್ಚಾಗಿರುವುದನ್ನೇ ನೋಡಿ. ಮಧ್ಯಾಹ್ನ ಬಿಸಿಲಲ್ಲಿ ದಡಕ್ಕೆಳೆದರೆ ಎರಡು ಸಲ ಪುಸ್ ಎನಿಸಿ ಬಿಡಿ.

ಮೆತ್ತಗಾಗುತ್ತಿದೆ ಎಂದರೆ ಎಲ್ಲರೂ ಪಂಕ್ಚರ್ ಹುಡುಕುತ್ತಾರೆ. ಹತ್ತರಲ್ಲಿ ಏಳೆಂಟು ಸಲ ಅದು ವಾಲ್ವಿನಲ್ಲಿ ಸಿಕ್ಕ ಮರಳಿನ ಕಣ. ವಾಲ್ವು ಬಿಚ್ಚಿ, ಶುದ್ಧ ನೀರು ಹುಯ್ದು, ಸೋಪುನೀರು ಹಚ್ಚಿ ಗುಳ್ಳೆ ನೋಡಿ.

ದುಡ್ಡಿನ ಮಾತು. ಗಟ್ಟಿ ಕಯಾಕ್, ಕಾರಿನ ಮೇಲಿನ ರ‍್ಯಾಕು, ಪಟ್ಟಿ, ಮನೆಯಲ್ಲಿ ಇಡಲು ಜಾಗ ಎಲ್ಲ ಸೇರಿದರೆ ನನ್ನ ಇಡೀ ಸರಂಜಾಮಿನ ಎರಡೂವರೆ ಪಟ್ಟು ಆಗುತ್ತದೆ. ನಾನು ಕೈಬಿಚ್ಚಿ ಖರ್ಚು ಮಾಡುವುದು ಲೈಫ್ ಜಾಕೆಟ್ಟಿಗೆ, ಹುಟ್ಟಿಗೆ, ಪಂಪಿಗೆ, ಇದೇ ಅನುಕ್ರಮದಲ್ಲಿ. ಕಯಾಕ್ ಜೊತೆ ಬರುವ ಅಲ್ಯೂಮಿನಿಯಂ ಹುಟ್ಟು ಭಾರ, ನಡುವಿನ ಕೀಲು ಬೇಗ ಸಡಿಲಾಗುತ್ತದೆ. ಅಗಲದ ಕಯಾಕಿಗೆ 230 ಸೆಂ.ಮೀ. ಹುಟ್ಟು ಸರಿ, 220 ಆದರೆ ಬೆರಳಗೆಣ್ಣು ಅಂಚಿಗೆ ತರಚುತ್ತದೆ. ಸೈಕಲ್ಲಿಗೆ ಮಾತ್ರ ದುಡ್ಡು ಹಾಕಬೇಡಿ. ದಿನವಿಡೀ ಪೊದೆಯಲ್ಲಿ ಬಿದ್ದಿರುವ ವಸ್ತು ಅದು, ನೋಡಲು ಹಳತಾದಷ್ಟೂ ಒಳ್ಳೆಯದು. ಹಣ ಹಾಕುವುದಿದ್ದರೆ ಎರಡು ಅಗಲ ಟೈರಿಗೆ ಹಾಕಿ. ಬೀಗ ನಂಬರಿನದೇ ಇರಲಿ, ಹೊಳೆಯಲ್ಲಿ ಕಾಯಬೇಕಾದ ಕೀ ಒಂದು ಕಡಿಮೆ. ಕಾರಿನ ಕೀಗೆ ನಾನು ಮಾಡಿಕೊಂಡ ವ್ಯವಸ್ಥೆಯನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಬ್ಯಾಟರಿಯಿರುವ ರಿಮೋಟ್ ಕೀಯನ್ನು ಒಂದೇ ಚೀಲದಲ್ಲಿಟ್ಟು, ಅದನ್ನೇ ನಂಬಿ ನೀರಿಗಿಳಿಯಬಾರದು ಎಂಬಷ್ಟು ಸಾಕು.

ಸೈಕಲ್ಲನ್ನೂ ಕಯಾಕಿನಲ್ಲೇ ಒಯ್ದರೆ ಹೇಗೆ ಎಂಬ ಪ್ರಯೋಗವೂ ಆಗಿದೆ. ಮಡಚುವ ಸೈಕಲ್ 12-13 ಕಿಲೋ. ಮುಂಭಾಗಕ್ಕೆ ಕಟ್ಟಿದರೆ ಕೆರೆಯಂಥ ನಿಂತ ನೀರಿನಲ್ಲಿ ಸರಿ. ಹೊಳೆಯಲ್ಲಿ ಮೂತಿ ಭಾರವಾಗಿ ತಿರುಗುವುದೇ ಇಲ್ಲ, ಬಗ್ಗಿದ ಕೊಂಬೆಗೆಲ್ಲ ಪೆಡಲು ಸಿಕ್ಕಿಕೊಳ್ಳುತ್ತದೆ. ನಿಂತು ಓಡಿಸುವ ಎಲೆಕ್ಟ್ರಿಕ್ ಸ್ಕೂಟರಿನ ಸಣ್ಣ ಚಕ್ರ ಜಲ್ಲಿರಸ್ತೆಯಲ್ಲಿ ಹೂತುಹೋಗುತ್ತದೆ. ಸೈಕಲ್ಲಿಗೆ ಟ್ರಾಲಿ ಕಟ್ಟಿ ಕಯಾಕಿನ ಚೀಲ ಎಳೆಯುವುದು ಮಾತ್ರ ನಿಜಕ್ಕೂ ಕೆಲಸ ಮಾಡಿತು. ಅದನ್ನಿನ್ನೂ ತಿದ್ದುತ್ತಿದ್ದೇನೆ, ಕೊಂಡಿಯ ವಿವರ ಇನ್ನೊಮ್ಮೆ.

ಭಾನುವಾರ ಸೈಕಲ್ಲಿಗೆ ರಜೆ. ಒಳದಾರಿಗಳಲ್ಲಿ ಕಾರು ಓಡಿಸಿ ನಿಂತ ನೀರಿಗೆ ಹೋಗುವುದು, ಹೋದಲ್ಲಿಗೇ ಮರಳುವುದು. ಗಾಳಿಗೆ ಎದುರಾಗಿ ಹೊರಡಬೇಕು, ಮರಳುವಾಗ ಗಾಳಿಯೇ ತಳ್ಳುತ್ತದೆ. ದಾರಿಗೆ ಟೈರಿನ ಗಾಳಿಯನ್ನು 33ರಿಂದ 25ರ ಸುಮಾರಿಗೆ ಇಳಿಸಿದರೆ ಅಲೆಅಲೆಯ ಮಣ್ಣುರಸ್ತೆಯ ನಡುಕ ಅರ್ಧಕ್ಕಿಳಿಯುತ್ತದೆ, ಚೂಪು ಜಲ್ಲಿಗೆ ಟೈರು ಬಾಗಿ ಕೊಡುತ್ತದೆ. ಆದರೆ ವೇಗ 40 ದಾಟಬಾರದು, ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಬೇಕು. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿದರೆ ಟೈರಿನ ಪಕ್ಕೆ ಕಾಯುತ್ತದೆ. ಪಂಪನ್ನು ಎಂಜಿನ್ ಚಾಲೂ ಇಟ್ಟೇ ಓಡಿಸಿ. ಲೈಟರ್ ಸಾಕೆಟ್ಟಿನ ಫ್ಯೂಸು 10-15 ಆಂಪಿಯರಿನದು, ದೊಡ್ಡ ಪಂಪು ಅದನ್ನು ಸುಟ್ಟುಹಾಕುತ್ತದೆ. ಅಂಥದ್ದಕ್ಕೆ ನೇರ ಬ್ಯಾಟರಿಗೇ ಕ್ಲಿಪ್ಪು. ಜ್ಯಾಕಿನ ಕೆಳಗಿಡಲು ಒಂದಡಿ ಹಲಗೆ ಇಲ್ಲದಿದ್ದರೆ ಮೆತ್ತನೆ ಮಣ್ಣಿನಲ್ಲಿ ಸ್ಟೆಪ್ನಿ ಇದ್ದೂ ಇಲ್ಲದಂತೆ.

ಹಳ್ಳ ದಾಟುವ ಮುನ್ನ ನಡೆದು ನೋಡಿ. ಚಕ್ರದ ನಡುಮಟ್ಟಕ್ಕಿಂತ ಆಳವಿದ್ದರೆ ತಿರುಗಿಸಿ. ಹರಿಯುವ ನೀರು ಒಂದಡಿ ಇದ್ದರೂ ಸಣ್ಣ ಕಾರನ್ನು ತೇಲಿಸಬಲ್ಲದು. ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಲೇಬಾರದು, ಸೈಲೆನ್ಸರಿನ ಬಿಸಿಗೆ ಬೆಂಕಿ ಹತ್ತುತ್ತದೆ. ಅರಣ್ಯದ ಗೇಟು ಮುಚ್ಚುವ ವೇಳೆಯನ್ನು ಒಳಹೋಗುವಾಗಲೇ ಕೇಳಿಟ್ಟುಕೊಳ್ಳಿ.

ಕಯಾಕನ್ನು ಮಡಚುವ ಮೊದಲು ತಳದ ಪದರ ಎತ್ತಿ ಕೆಸರು, ಜೊಂಡಿನ ಚೂರು ತೊಳೆಯಬೇಕು. ಅವು ಒಂದು ಹೊಳೆಯ ಕಳೆಯನ್ನು ಇನ್ನೊಂದಕ್ಕೆ ಒಯ್ಯುತ್ತವೆ. ಹೊಲಿಗೆಯ ಸಂದಿ ಒಣಗಲು ನೆರಳಿನಲ್ಲಿ ಎರಡು ದಿನ ಬೇಕು, ಇಲ್ಲದಿದ್ದರೆ ಬೂಷ್ಟು ಖಂಡಿತ. ತೇಪೆ ಇದ್ದರೆ ಒಣಗಿದ ಮೇಲೆಯೇ: ಮೂಲೆ ದುಂಡಗೆ ಕತ್ತರಿಸಿ, ತೂತಿನ ಸುತ್ತ ಮೂರು ಬೆರಳಗಲ ಬಿಟ್ಟು, ಎರಡೂ ಕಡೆ ತೆಳುವಾಗಿ ಎರಡು ಕೈ ಅಂಟು ಹಚ್ಚಿ, ಬೆರಳಿಗೆ ಜಿಗುಟಾದಾಗ ಒತ್ತಿ ಭಾರ ಹೇರುವುದು. ಗಾಳಿ ತುಂಬುವುದು 24 ಗಂಟೆ ಕಳೆದ ಮೇಲೆ.