ಚಿಟಿಕೆ ಮಣ್ಣಿನ ಜೀವಿಗಳನ್ನು ಡಿಎನ್‌ಎಯಿಂದ ಗುರುತಿಸುವುದು ಹೇಗೆ?

ಮಣ್ಣು, ನೀರಿನಲ್ಲಿರುವ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯಲು ಒಪ್ಪುವುದಿಲ್ಲ. ಬೆಳೆದವನ್ನಷ್ಟೇ ಎಣಿಸಿದರೆ ಉಳಿದವು ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಅವನ್ನು ಬೆಳೆಸುವ ಗೋಜಿಗೆ ಹೋಗದೆ ನೇರವಾಗಿ ಡಿಎನ್‌ಎಯನ್ನೇ ಓದಬೇಕು.

ಮೊದಲು ಮಾದರಿ. ಒಂದೇ ಜಾಗದ ಒಂದೇ ಮಾದರಿಯಿಂದ ಏನೂ ಹೇಳಲಾಗದು, ಹಲವು ಬೇಕು. ತೆಗೆದ ಕೂಡಲೇ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ. ತಡವಾದರೆ ಕೊಳವೆಯೊಳಗೇ ಕೆಲವು ಹೆಚ್ಚಿ, ಕೆಲವು ಸಾಯುತ್ತವೆ.

ಮುಂದಿನದು ಜೀವಕೋಶ ಒಡೆಯುವ ಕೆಲಸ. ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳ ಗೋಡೆ ದಪ್ಪ. ರಾಸಾಯನಿಕವೊಂದಕ್ಕೇ ಅದು ಜಗ್ಗುವುದಿಲ್ಲ. ಪುಟ್ಟ ಮಣಿಗಳನ್ನು ಹಾಕಿ ಜೋರಾಗಿ ಕುಲುಕಬೇಕು. ಇಲ್ಲಿ ಸೋಮಾರಿತನ ತೋರಿದರೆ ಗಟ್ಟಿ ಗೋಡೆಯವು ಫಲಿತಾಂಶದಲ್ಲಿ ಕಾಣೆಯಾಗುತ್ತವೆ. ಜೊತೆಗೆ, ಮಾದರಿಯೇ ಇಲ್ಲದ ಖಾಲಿ ಕೊಳವೆಯೊಂದನ್ನೂ ಕೊನೆಯವರೆಗೆ ಇದೇ ಕ್ರಮದಲ್ಲಿ ನಡೆಸಿ. ಡಿಎನ್‌ಎ ತೆಗೆಯುವ ಕಿಟ್‌ಗಳಲ್ಲೇ ಬ್ಯಾಕ್ಟೀರಿಯಾದ ಡಿಎನ್‌ಎ ಸೇರಿಕೊಂಡಿರುತ್ತದೆ. ಮಾದರಿಯಲ್ಲಿ ಜೀವಿಗಳು ಕಡಿಮೆಯಿದ್ದಷ್ಟೂ ಅದರ ಕಾಟ ಹೆಚ್ಚು. ದುಬಾರಿ ಯಂತ್ರಕ್ಕೆ ಕೊಡುವ ಮರ್ಯಾದೆಯನ್ನು ಈ ಖಾಲಿ ಕೊಳವೆಗೂ ಕೊಡಬೇಕು.

ಯಾವ ಭಾಗವನ್ನು ಓದುವುದು? ಬ್ಯಾಕ್ಟೀರಿಯಾ ಮತ್ತು ಅವುಗಳಂತೆಯೇ ಕಾಣುವ ಏಕಕೋಶ ಜೀವಿಗಳಾದ ಆರ್ಕಿಯಾಗಳೆಲ್ಲದರಲ್ಲೂ ಇರುವ 16ಎಸ್ ಆರ್‌ಆರ್‌ಎನ್‌ಎ ಜೀನ್ ಅನ್ನು. ಪ್ರೋಟೀನ್ ತಯಾರಿಸುವ ರೈಬೋಸೋಮ್‌ನ ಒಂದು ಆರ್‌ಎನ್‌ಎ ಅಣುವಿಗೆ ಇದು ನಕ್ಷೆ. ಆ ಅಣುವನ್ನೇ ಬೇರೆ ಬೇರೆ ಜೀವಿಗಳಲ್ಲಿ ಹೋಲಿಸಿ ವಿಜ್ಞಾನಿಗಳಾದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ಆರ್ಕಿಯಾಗಳು ಪ್ರತ್ಯೇಕ ಗುಂಪೆಂದು ತೋರಿಸಿದರು. ಸುಮಾರು 1,500 ಡಿಎನ್‌ಎ ಅಕ್ಷರಗಳ ಈ ಜೀನ್‌ನಲ್ಲಿ ಬಹುತೇಕ ಬದಲಾಗದ ಭಾಗಗಳ ನಡುವೆ ಬಹಳ ಬದಲಾಗುವ ಒಂಬತ್ತು ಭಾಗಗಳಿವೆ. ಬದಲಾಗದ ಕಡೆ ಪ್ರೈಮರ್ (ನಕಲು ಶುರುಮಾಡಲು ಬೇಕಾದ ಪುಟ್ಟ ಡಿಎನ್‌ಎ ತುಣುಕು) ಕೂರುತ್ತದೆ, ಬದಲಾಗುವ ಕಡೆ ಗುರುತು ಸಿಗುತ್ತದೆ. ನಾಲ್ಕನೆಯ ಭಾಗವಾದ ವಿ4 ಹೆಚ್ಚು ಬಳಕೆಯಲ್ಲಿದೆ. ಶಿಲೀಂಧ್ರಗಳಿಗಾದರೆ ಅವುಗಳ ಡಿಎನ್‌ಎಯ ಐಟಿಎಸ್ ಎಂಬ ಭಾಗ ಬೇಕು.

ಆರಿಸಿದ ಭಾಗವನ್ನು ಓದುವ ಮುನ್ನ ಪಿಸಿಆರ್‌ನಿಂದ ಮತ್ತೆ ಮತ್ತೆ ನಕಲು ಮಾಡಿ ಹೆಚ್ಚಿಸಬೇಕು. ಈ ನಕಲಿನ ಆವರ್ತನಗಳು ಮಿತಿಯಲ್ಲಿರಲಿ. ಹೆಚ್ಚಾದರೆ ಎರಡು ಜೀವಿಗಳ ತುಣುಕುಗಳು ಬೆಸೆದು, ಎಲ್ಲೂ ಇಲ್ಲದ ‘ಹೊಸ ಜೀವಿ’ ಹುಟ್ಟಿಬಿಡುತ್ತದೆ. ಪ್ರತಿ ಮಾದರಿಯ ಡಿಎನ್‌ಎಗೂ ಬೇರೆ ಬಾರ್‌ಕೋಡ್ (ಗುರುತಿನ ಪುಟ್ಟ ಡಿಎನ್‌ಎ ತುಣುಕು) ಅಂಟಿಸಿ, ಎಲ್ಲವನ್ನೂ ಒಟ್ಟಿಗೆ ಡಿಎನ್‌ಎ ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್ ಯಂತ್ರಕ್ಕೆ ಕೊಡಬಹುದು.

ಬಂದ ದತ್ತಾಂಶವನ್ನು ಡಾಡಾ2ರಂಥ ತಂತ್ರಾಂಶದಿಂದ ಶುದ್ಧಗೊಳಿಸಿ, ಸಿಲ್ವಾ ದತ್ತಕೋಶದೊಂದಿಗೆ ಹೋಲಿಸಿ ಹೆಸರು ಕೊಡಿ. ಒಂದೇ ಮಾದರಿಯೊಳಗಿನ ವೈವಿಧ್ಯಕ್ಕೆ ಶಾನನ್ ಸೂಚ್ಯಂಕ, ಎರಡು ಮಾದರಿಗಳ ನಡುವಿನ ವ್ಯತ್ಯಾಸಕ್ಕೆ ಬ್ರೇ–ಕರ್ಟಿಸ್ ಅಳತೆ ರೂಢಿಯಲ್ಲಿವೆ.

ಆದರೆ ಕೈಗೆ ಬರುವುದು ಪಾಲಿನ ಲೆಕ್ಕ, ತಲೆಯೆಣಿಕೆಯಲ್ಲ. ಇ. ಕೋಲಿಯಲ್ಲಿ ಈ ಜೀನ್‌ನ ಏಳು ಪ್ರತಿಗಳಿದ್ದರೆ ಕ್ಷಯದ ಬ್ಯಾಕ್ಟೀರಿಯಾದಲ್ಲಿ ಒಂದೇ ಇದೆ. ಹಾಗಾಗಿ ಹೆಚ್ಚು ಪ್ರತಿಗಳಿರುವವು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತವೆ. ಸತ್ತವುಗಳ ಡಿಎನ್‌ಎಯೂ ಎಣಿಕೆಗೆ ಸೇರುತ್ತದೆ. ಒಟ್ಟು ಪ್ರಮಾಣ ಬೇಕೆಂದರೆ ಜೀನ್‌ನ ಪ್ರತಿಗಳನ್ನು ಅಳೆಯುವ ಕ್ಯುಪಿಸಿಆರ್ ಮಾಡಿ. ಈ ಜೀವಿಗಳು ಏನೇನು ಮಾಡಬಲ್ಲವು ಎಂದು ತಿಳಿಯಲು ಮಾದರಿಯ ಇಡೀ ಡಿಎನ್‌ಎಯನ್ನು ಓದುವ ಮೆಟಾಜೀನೋಮಿಕ್ಸ್ ಬೇಕು.