ಊರ ನಾಟಕಕ್ಕೆ ಬಣ್ಣ ಹಚ್ಚುವ ಹೊಸಬರಿಗೆ

ಜಾತ್ರೆಗೆ ಪೌರಾಣಿಕ ನಾಟಕ ಆಡಲು ಹೊರಟವರಿಗೆ, ತುಮಕೂರು ಕಡೆಯ ಹಳ್ಳಿಗಳಲ್ಲಿ ಹಲವು ವರ್ಷ ದುರ್ಯೋಧನನಾದವನ ಕಿವಿಮಾತು. ನಿಮ್ಮ ಮಾತನ್ನಷ್ಟೇ ಉರು ಹೊಡೆದರೆ ಸಾಲದು. ಎದುರು ಪಾತ್ರಧಾರಿಯ ಕೊನೆಯ ಸಾಲನ್ನೂ ಬಾಯಿಪಾಠ ಮಾಡಿ. ನಡುರಾತ್ರಿ ಭೀಮ ಅರ್ಧ ಸಂಭಾಷಣೆ ನುಂಗಿದಾಗ (ನುಂಗಿಯೇ ನುಂಗುತ್ತಾನೆ) ಕೈಹಿಡಿಯುವುದು ಅದೇ.

ಶ್ರುತಿಯ ವಿಷಯದಲ್ಲಿ ಜಂಬ ಬೇಡ. ತಾಲೀಮು ಶುರುವಾದ ಕೂಡಲೇ ಹಾರ್ಮೋನಿಯಂ ಮೇಷ್ಟ್ರ ಪಕ್ಕ ಕುಳಿತು ನಿಮ್ಮ ಕಂಠಕ್ಕೆ ಒಗ್ಗುವ ಶ್ರುತಿಯನ್ನು ಗೊತ್ತುಮಾಡಿಕೊಳ್ಳಿ. ಸಂಜೆ ಸಲೀಸಾಗಿ ಏರುವ ದನಿ ಬೆಳಗಿನ ಜಾವ ಮೂರಕ್ಕೆ ಏರುವುದಿಲ್ಲ; ಯುದ್ಧದ ಕಂದಪದ್ಯಗಳು ಬರುವುದೋ ಆಗಲೇ!

ಬಾಡಿಗೆಯ ಕಿರೀಟ, ಭುಜಕೀರ್ತಿಗಳು ಸಾಮಾನ್ಯವಾಗಿ ಕೈಸೇರುವುದು ನಾಟಕದ ಸಂಜೆ. ಅಳತೆ ಸರಿಹೊಂದುವುದು ಅಪರೂಪ. ಸೇಫ್ಟಿ ಪಿನ್, ಲಾಡಿ, ಹಳೆಯ ಹತ್ತಿ ಬಟ್ಟೆ ಜೊತೆಗಿರಲಿ. ತಲೆಗೆ ಬಟ್ಟೆ ಬಿಗಿದು ಅದರ ಮೇಲೆ ಕಿರೀಟ ಕಟ್ಟಿದರೆ ಗದೆ ಬೀಸುವಾಗ ಜಾರುವುದಿಲ್ಲ. ಕನ್ನಡಕ ಹಾಕುವವರು ರಂಗದ ಅಂಚನ್ನು ಹಗಲಿನಲ್ಲೇ ನಡೆದು ನೋಡಿಕೊಳ್ಳಿ.

ಬಣ್ಣ ತೆಗೆಯಲು ಮೊದಲೇ ಸೋಪು ಉಜ್ಜಬೇಡಿ. ಕೊಬ್ಬರಿ ಎಣ್ಣೆ ಸವರಿ, ಹತ್ತಿಯಿಂದ ಒರೆಸಿ, ಆಮೇಲೆ ಮುಖ ತೊಳೆಯಿರಿ. ಅಂಟಿಸಿದ ಮೀಸೆಯನ್ನು ಒಣಗಿದ್ದಾಗಲೇ ಕೀಳದೆ, ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ.