120 ವೋಲ್ಟ್ ಟ್ಯೂಬ್ ಆಂಪ್‌ಗೆ 230 ವೋಲ್ಟ್ ಕೊಟ್ಟುಬಿಟ್ಟರೆ

ಅಮೆರಿಕದಿಂದ ತಂದ 120 ವೋಲ್ಟ್ ಗಿಟಾರ್ ಆಂಪನ್ನು ನೇರ ನಮ್ಮ ಪ್ಲಗ್ಗಿಗೆ ಹಾಕಿದರೆ ಒಳಗಿನ ಎಲ್ಲ ವೋಲ್ಟೇಜೂ ಇಮ್ಮಡಿಯಾಗಲು ಹೊರಡುತ್ತದೆ. ಟ್ಯೂಬಿನೊಳಗೆ ಕಾಯುವ 6.3 ವೋಲ್ಟಿನ ತಂತಿ, ಅಂದರೆ ಹೀಟರ್ 12ರತ್ತ; ಟ್ಯೂಬ್‌ಗಳನ್ನು ನಡೆಸುವ 450ರ ಡಿಸಿ ವೋಲ್ಟೇಜ್, ಅಂದರೆ ಬಿ-ಪ್ಲಸ್ 850ರತ್ತ. ಆ ಬಿ-ಪ್ಲಸ್ಸಿನ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರ್ ತಡೆಯುವುದು 500 ವೋಲ್ಟ್ ಆಸುಪಾಸು ಮಾತ್ರ. ಸರಿಯಾದ ಅಳತೆಯ ಫ್ಯೂಸ್ ತಕ್ಷಣ ಹಾರಿದ್ದರೆ ಆಂಪ್ ಉಳಿದಿರುವ ಸಾಧ್ಯತೆ ಚೆನ್ನಾಗಿದೆ. ದಯವಿಟ್ಟು ಹೊಸ ಫ್ಯೂಸ್ ಹಾಕಿ ಮತ್ತೆ ಆನ್ ಮಾಡಬೇಡಿ.

ಪ್ಲಗ್ ತೆಗೆದಿದ್ದರೂ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಇರುತ್ತದೆ. 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರನ್ನು ಪ್ಲಸ್ ತುದಿಗೂ ಚಾಸಿಗೂ (ಆಂಪಿನ ಲೋಹದ ಚೌಕಟ್ಟು) ಕ್ಲಿಪ್ಪಿನಿಂದ ಹಿಡಿಸಿ ಖಾಲಿ ಮಾಡಿ, ಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ. ಈ ಅನುಭವವಿಲ್ಲದವರು ಆಂಪ್ ಬಿಚ್ಚದೆ ತಂತ್ರಜ್ಞರಿಗೆ ಕೊಡಬೇಕು.

ಮೊದಲು ಮೂಗು, ಕಣ್ಣು. ಟ್ರಾನ್ಸ್‌ಫಾರ್ಮರ್ ಬಳಿ ಸುಟ್ಟ ವಾರ್ನಿಷ್ ವಾಸನೆಯೇ? ಕೆಪಾಸಿಟರ್ ತಲೆ ಉಬ್ಬಿದೆಯೇ, ಬುಡದಲ್ಲಿ ಕಂದು ಅಂಟು ಕಾಣುತ್ತಿದೆಯೇ? ಉಬ್ಬಿದ್ದನ್ನು ಬದಲಿಸಲೇಬೇಕು.

ಟ್ಯೂಬ್ ಕಳಚಿ ಹೀಟರ್ ಅಳೆಯಿರಿ: 6ಎಲ್6, ಇಎಲ್34 ಎಂಬ ಪವರ್ ಟ್ಯೂಬ್‌ಗಳಲ್ಲಿ 2 ಮತ್ತು 7ನೇ ಪಿನ್. ಕೆಲವೇ ಓಮ್ ಬಂದರೆ ಹೀಟರ್ ತುಂಡಾಗಿಲ್ಲ.

ಆಮೇಲೆ ಟ್ರಾನ್ಸ್‌ಫಾರ್ಮರ್. ಸೆಕೆಂಡರಿ (ಆಂಪಿನೊಳಕ್ಕೆ ಹೋಗುವ) ತಂತಿಗಳನ್ನೆಲ್ಲ ಬಿಡಿಸಿ, ತುದಿಗಳನ್ನು ಇನ್ಸುಲೇಟ್ ಮಾಡಿ, 230ನ್ನು 120ಕ್ಕೆ ಇಳಿಸುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕ 120 ವೋಲ್ಟ್ ಕೊಡಿ; ಸ್ಟೆಪ್-ಡೌನಿನ 230 ವೋಲ್ಟ್ ಬದಿಗೆ 100 ವ್ಯಾಟ್ ತಂತಿ ಬಲ್ಬು ಸರಣಿಯಲ್ಲಿರಲಿ. ಬಲ್ಬು ಒಮ್ಮೆ ಮಿನುಗಿ ಮಂದವಾದರೆ ಒಳ್ಳೆಯ ಲಕ್ಷಣ. ಧಗಧಗ ಉರಿಯುತ್ತಲೇ ಇದ್ದರೆ ವೈಂಡಿಂಗ್ ಶಾರ್ಟ್ ಆಗಿರಬಹುದು. ಆದರೆ ತೀರ್ಪಿಗೆ ಮುಂಚೆ ಮೇನ್ಸ್‌ಗೆ ಅಡ್ಡಲಾಗಿ ಎಂಒವಿ (ಹೆಚ್ಚುವರಿ ವೋಲ್ಟೇಜಿನಿಂದ ಕಾಪಾಡುವ ಬಿಡಿಭಾಗ) ಇದೆಯೇ ನೋಡಿ: ಹೆಚ್ಚು ವೋಲ್ಟೇಜಿಗೆ ಅದೇ ಮೊದಲು ಶಾರ್ಟ್ ಆಗುವುದುಂಟು.